ಪತ್ತೆ ಮಾಡಿದ ಮೇಲೆ

ಈಚೆಗೆ ಯಾವ ಕ್ರೈಂ ಕಾದಂಬರಿ ಎತ್ತಿಕೊಂಡರೂ ಒಂದೇ ಥರದ ಪತ್ತೇದಾರ ಎದುರಾಗುತ್ತಾನೆ. ಕುಡೀತಾನೆ. ಹೆಂಡತಿ ಬಿಟ್ಟು ಹೋಗಿದ್ದಾಳೆ. ಮಗಳು ಫೋನ್ ಎತ್ತಲ್ಲ. ಹಿಂದೆ ಪೊಲೀಸ್ ಇಲಾಖೆಯಲ್ಲಿದ್ದ, ಏನೋ ಆಗಿ ಹೊರಗೆ ಬಂದ. ರಾತ್ರಿ ನಿದ್ದೆ ಇಲ್ಲ. ಪುಸ್ತಕದ ಹಿಂಬದಿಯಲ್ಲಿ ಇವನನ್ನು ಸಂಕೀರ್ಣ ಪಾತ್ರ ಅಂತ ಹೊಗಳಿರುತ್ತಾರೆ. ನಾನೂ ಆಸೆಯಿಂದಲೇ ಓದುತ್ತೇನೆ. ಒಂದೇ ರಾತ್ರಿಯಲ್ಲಿ ಮುಗಿಸಿದ್ದೂ ಇದೆ. ಆದರೆ ಮುಗಿದ ಮೇಲೆ ಏನೋ ಕೊರೆಯುತ್ತದೆ. ಈ ಮನುಷ್ಯನಿಗೆ ದುಃಖ ಇದೆ, ಸರಿ. ದುಃಖ ಯಾರಿಗಿಲ್ಲ? ದುಃಖ ಇದ್ದ ಮಾತ್ರಕ್ಕೆ ಒಬ್ಬನ ಒಳಗೆ ಸರಿ ತಪ್ಪಿನ ಜಗಳ ನಡೆಯುತ್ತಿದೆ ಅಂತ ಹೇಗೆ ಹೇಳೋದು? ಕೊನೆಗೆ ಅವನು ಕೊಲೆಗಾರನನ್ನು ಹಿಡಿಯುತ್ತಾನೆ. ಕೊಲೆಗಾರ ಕೆಟ್ಟವನು. ಅವನನ್ನು ಹಿಡಿದುಕೊಡುವುದರಲ್ಲಿ ಯಾವ ಇಕ್ಕಟ್ಟೂ ಇಲ್ಲ. ಇನ್ನೂರೈವತ್ತು ಪುಟ ಕುಡಿದು, ಅತ್ತು, ಕೊನೆಯಲ್ಲಿ ಎಲ್ಲರೂ ಒಪ್ಪುವ ಕೆಲಸವನ್ನೇ ಮಾಡುತ್ತಾನೆ.

ನನಗೆ ಬೇಕಾಗಿರುವ ಪ್ರಶ್ನೆ ಬೇರೆ. ಪತ್ತೆ ಮಾಡಿದ. ಆಮೇಲೆ? ಗೊತ್ತಾದದ್ದನ್ನು ಯಾರ ಕೈಗೆ ಕೊಟ್ಟ? ಕೊಟ್ಟಿದ್ದರಿಂದ ಯಾರಿಗೆ ಏನಾಯಿತು? ಖಾಸಗಿ ಪತ್ತೇದಾರ ಅಂದರೆ ದುಡ್ಡು ತಗೊಂಡು ನಿಜ ಹುಡುಕಿಕೊಡುವವನು. ಆ ನಿಜ ಇನ್ನೊಬ್ಬರ ಬದುಕಿನದ್ದು. ದುಡ್ಡು ಕೊಟ್ಟವರು ಒಬ್ಬರು, ಬದುಕು ಇನ್ನೊಬ್ಬರದು. ಇವನು ಮಧ್ಯೆ ನಿಂತಿದ್ದಾನೆ. ಈ ಕಸುಬಿನ ಕಷ್ಟವೆಲ್ಲ ಇರುವುದು ಅಲ್ಲೇ ಅಂತ ನನಗೆ ಜಾಸ್ತಿ ಜಾಸ್ತಿ ಅನಿಸುತ್ತಿದೆ.

ನಾವು ಕನ್ನಡದಲ್ಲಿ ಪತ್ತೇದಾರಿ ಓದುತ್ತಾ ಬೆಳೆದವರು. ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯ ಇವರನ್ನೆಲ್ಲ ನಿಮಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಳದಿ ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ರಾಶಿ ರಾಶಿ ಪತ್ತೇದಾರಿ ಕಾದಂಬರಿ ಬರೆದವರೇ ಅನ್ನುವುದನ್ನು ಮಾತ್ರ ಈಗಿನ ಹುಡುಗರಿಗೆ ನೆನಪಿಸಬೇಕು. ನಮ್ಮ ಶ್ರೀರಾಮಪುರದ ಬಾಡಿಗೆ ಲೈಬ್ರರಿಯಲ್ಲಿ ಆ ಪುಸ್ತಕಗಳಿಗೆ ಖಾಕಿ ಕಾಗದದ ರಟ್ಟು ಹಾಕಿ, ಬೆನ್ನಿನ ಮೇಲೆ ನಂಬರ್ ಬರೆದು ಇಡುತ್ತಿದ್ದರು. ಕೊನೆಯ ಪುಟ ಹರಿದುಹೋಗಿದ್ದರೆ ಲೈಬ್ರರಿಯ ಯಜಮಾನರೇ ಕೊಲೆ ಮಾಡಿದ್ದು ಯಾರು ಅಂತ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ಆ ಪತ್ತೇದಾರರ ನಡತೆಯ ಬಗ್ಗೆ ನಮಗೆ ಎಂದೂ ಅನುಮಾನ ಬರಲಿಲ್ಲ. ಅವರು ಒಳ್ಳೆಯವರು, ಧೈರ್ಯವಂತರು, ಪೊಲೀಸರಿಗೂ ಬೇಕಾದವರು. ಅಮೆರಿಕದ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಕೂಡ 1944ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದೇ ಅರ್ಥದ ಮಾತು ಹೇಳಿದ್ದ. ಬೀದಿ ಎಷ್ಟು ಕೊಳಕಾಗಿದ್ದರೂ ಅದರಲ್ಲಿ ನಡೆಯುವ ಪತ್ತೇದಾರನಿಗೆ ಕೊಳೆ ಅಂಟಿರಬಾರದು ಅಂತ. ಆ ಕಾಲಕ್ಕೆ ಅದು ಸಾಕಿತ್ತು. ನರಸಿಂಹಯ್ಯನವರನ್ನು ನಾನು ಇವತ್ತಿಗೂ ಪ್ರೀತಿಯಿಂದ ನೆನೆಯುತ್ತೇನೆ. ಲಕ್ಷಾಂತರ ಜನಕ್ಕೆ ಓದುವ ಚಟ ಹಿಡಿಸಿದವರು ಅವರು. ಆದರೆ ಈಗಿನ ಬೆಂಗಳೂರಿನ ಖಾಸಗಿ ಪತ್ತೇದಾರನ ಬಗ್ಗೆ ಬರೆಯುವವರಿಗೆ ಪುರುಷೋತ್ತಮನ ದಾರಿ ಸಾಲದು. ಯಾಕೆ ಅಂತ ನನ್ನ ಕಣ್ಣೆದುರೇ ನಡೆದದ್ದನ್ನು ಹೇಳುತ್ತೇನೆ.

ಕೊನೆಯ ಪುಟದ ಒಂದು ಸಾಲು

ರಾಜಾಜಿನಗರದಲ್ಲಿ ನಮ್ಮ ದೊಡ್ಡಪ್ಪನ ಮನೆ. ಅಣ್ಣನಿಗೆ ಹೆಣ್ಣು ನೋಡಿ ಒಪ್ಪಿಗೆಯಾಗಿತ್ತು. ಹುಡುಗಿ ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುತ್ತಿದ್ದಳು. ಹಳೇ ಕಾಲದಲ್ಲಾಗಿದ್ದರೆ ಅವರ ಊರಿನ ಕಡೆಯ ಯಾರನ್ನಾದರೂ ಹಿಡಿದು, ಮನೆತನ ಹೇಗೆ, ಹುಡುಗಿ ಹೇಗೆ ಅಂತ ವಿಚಾರಿಸುತ್ತಿದ್ದರು. ಬೆಂಗಳೂರಲ್ಲಿ ಪಕ್ಕದ ಫ್ಲಾಟಿನವರಿಗೇ ಹೆಸರು ಗೊತ್ತಿರಲ್ಲ. ಯಾರನ್ನು ಕೇಳೋದು? ದೊಡ್ಡಪ್ಪ ಒಂದು ಡಿಟೆಕ್ಟಿವ್ ಏಜೆನ್ಸಿಗೆ ಕೊಟ್ಟರು. ಮದುವೆಗೆ ಮೊದಲಿನ ವಿಚಾರಣೆ. ಈ ಏಜೆನ್ಸಿಗಳ ಹೊಟ್ಟೆ ತುಂಬುವುದೇ ಇದರಿಂದ. ಮದುವೆಗೆ ಮುಂಚೆ ಒಂದು, ಮದುವೆ ಮುರಿಯುವಾಗ ಇನ್ನೊಂದು, ನಡುವೆ ಕಂಪನಿಗಳು ಹೊಸಬರನ್ನು ಕೆಲಸಕ್ಕೆ ತಗೊಳ್ಳುವಾಗ ಮಾಡಿಸುವ ತನಿಖೆ. ಕೊಲೆ ಕೇಸು ಇವರ ಹತ್ತಿರ ಬರುವುದಿಲ್ಲ. ಬಂದರೂ ತನಿಖೆ ಮಾಡುವ ಅಧಿಕಾರ ಇವರಿಗಿಲ್ಲ.

ರಿಪೋರ್ಟ್ ಬಂದ ದಿನ ನಾನು ಅಲ್ಲೇ ಇದ್ದೆ. ಕಂದು ಕವರು, ಒಳಗೆ ಸ್ಪೈರಲ್ ಬೈಂಡಿಂಗ್ ಮಾಡಿದ ಪುಟಗಳು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿ ನನ್ನ ಕಡೆ ದಾಟಿಸುತ್ತಿದ್ದರು. ಮನೆ ಸ್ವಂತದ್ದು, ಸಾಲ ತೀರಿದೆ. ಸಂಬಳ ಹೇಳಿದ್ದಷ್ಟೇ ಇದೆ. ನೆರೆಹೊರೆಯವರ ಅಭಿಪ್ರಾಯ ಒಳ್ಳೆಯದು. ನಡತೆ ತೃಪ್ತಿಕರ. ಮಧ್ಯೆ ಫೋಟೊಗಳು. ಆ ಹುಡುಗಿ ಬಸ್ ಸ್ಟಾಪಿನಲ್ಲಿ ನಿಂತಿದ್ದಾಳೆ. ಗೆಳತಿಯರ ಜೊತೆ ಪಾನಿಪುರಿ ತಿನ್ನುತ್ತಿದ್ದಾಳೆ, ಬಾಯಿ ಪೂರಾ ತೆರೆದಿದೆ, ಒಬ್ಬಳು ನಗುತ್ತಿದ್ದಾಳೆ. ಯಾರೋ ರಸ್ತೆಯಾಚೆಯಿಂದ ತೆಗೆದದ್ದು. ಪಕ್ಕದಲ್ಲಿ ಟೈಮಿನ ಸಮೇತ ಪಟ್ಟಿ. ಸಂಜೆ 6.40, ಸಬ್ಜೆಕ್ಟ್ ಆಫೀಸಿನಿಂದ ಹೊರಬಂದರು. 6.55, ಸಬ್ಜೆಕ್ಟ್ ಮೆಡಿಕಲ್ ಶಾಪಿಗೆ ಹೋದರು. 7.05, ಸಬ್ಜೆಕ್ಟ್ ಬಸ್ ಹತ್ತಿದರು. ಅವಳಿಗೆ ಒಂದು ಚೆಂದದ ಹೆಸರಿತ್ತು. ಆ ಪಟ್ಟಿಯಲ್ಲಿ ಒಂದು ಕಡೆಯೂ ಆ ಹೆಸರಿರಲಿಲ್ಲ.

ಕೊನೆಯ ಪುಟದ ಕೆಳಗೆ ಒಂದು ಸಾಲು. ಸಬ್ಜೆಕ್ಟ್ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವುದು ಖಚಿತವಾಗಿದೆ, ಮಾತ್ರೆಯ ಹೆಸರು ಇಂಥದ್ದು. ಖಚಿತವಾದದ್ದು ಹೇಗೆ ಅಂತ ಬರೆದಿರಲಿಲ್ಲ. ಮೆಡಿಕಲ್ ಶಾಪಿನ ಹುಡುಗನ ಕೈಗೆ ನೋಟು ಇಟ್ಟಿರುತ್ತಾರೆ, ಇನ್ನೇನು. ಮಾನಸಿಕ ಆರೋಗ್ಯದ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆ ಕೌಂಟರಿನ ಮೇಲೆ ಅದು ನಡೆಯಲಿಲ್ಲ.

ದೊಡ್ಡಪ್ಪ ಆ ಸಾಲನ್ನು ಮತ್ತೆ ಮತ್ತೆ ಓದಿದರು. ಮಾತ್ರೆ ತಗೊಂಡು ಕೆಲಸ ಮಾಡ್ಕೊಂಡು ಆರಾಮಾಗಿದ್ದಾಳಲ್ಲ ದೊಡ್ಡಪ್ಪ, ಇದಕ್ಕೆ ಯಾಕೆ ಬೇಡ ಅಂತೀರಿ ಅಂದೆ. "ನಿನಗೆ ಗೊತ್ತಾಗಲ್ಲ ಪುಟ್ಟಿ, ಸುಮ್ನಿರು" ಅಂದರು. ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಪಾಪ, ಎಷ್ಟು ಲಕ್ಷಣವಾಗಿದ್ದಳು" ಅಂದರು, ಹುಡುಗಿ ಸತ್ತೇ ಹೋದಳೇನೋ ಅನ್ನುವ ದನಿಯಲ್ಲಿ. ಅಣ್ಣ ಏನೂ ಮಾತಾಡಲಿಲ್ಲ. ಮರುದಿನ ದೊಡ್ಡಪ್ಪ ಅವರಿಗೆ ಫೋನ್ ಮಾಡಿ, "ಇನ್ನೊಂದು ಕಡೆ ಜಾತಕ ತೋರಿಸಿದ್ವಿ, ಯಾಕೋ ಕೂಡಿಬರ್ತಿಲ್ಲ, ತಪ್ಪು ತಿಳ್ಕೋಬೇಡಿ" ಅಂದರು. ಅಲ್ಲಿಗೆ ಮುಗಿಯಿತು. ಆ ಹುಡುಗಿಗೆ ಇವತ್ತಿಗೂ ಕಾರಣ ಗೊತ್ತಿಲ್ಲ. ತನ್ನ ನಕ್ಷತ್ರ ಸರಿಯಿಲ್ಲ ಅಂದುಕೊಂಡಿರಬಹುದು.

ದೊಡ್ಡಪ್ಪನ ಮೇಲೆ ನನಗೆ ಆಗ ಸಿಟ್ಟು ಬಂದಿತ್ತು, ಈಗಲೂ ಇದೆ. ಆದರೆ ನನ್ನನ್ನು ಕಾಡುತ್ತಿರುವವನು ಆ ರಿಪೋರ್ಟ್ ಟೈಪ್ ಮಾಡಿದವನು. ಅವನು ಸುಳ್ಳು ಬರೆಯಲಿಲ್ಲ. ಕ್ಲೈಂಟ್ ಕೇಳಿದ್ದನ್ನು ಹುಡುಕಿಕೊಟ್ಟ. ಕಸುಬಿನ ಪ್ರಕಾರ ಪ್ರಾಮಾಣಿಕ. ಆ ಒಂದು ಸಾಲನ್ನು ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಒಂದು ಮದುವೆ ಆಗುತ್ತಿತ್ತು. ಹಾಗೆ ಬಿಟ್ಟಿದ್ದರೆ ದುಡ್ಡು ಕೊಟ್ಟವರಿಗೆ ಮೋಸ ಮಾಡಿದ ಹಾಗಾಗುತ್ತಿತ್ತಲ್ವಾ? ಆ ಸಾಲಿಗೆ ಬಂದಾಗ ಅವನ ಬೆರಳು ಒಂದು ಗಳಿಗೆ ನಿಂತಿತ್ತೇ? ನಿಂತಿದ್ದರೆ ಅಲ್ಲೊಂದು ಕಾದಂಬರಿ ಇದೆ. ಅವನು ವಿಸ್ಕಿ ಕುಡಿಯುವವನಾಗಿರಲಿ, ಮಜ್ಜಿಗೆ ಕುಡಿಯುವವನಾಗಿರಲಿ, ನನಗೆ ಲೆಕ್ಕವಿಲ್ಲ.

ಬಾಸ್ಟನ್ನಿನ ಮಗು, ನ್ಯೂಯಾರ್ಕಿನ ಗುಂಡು

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಕಾದಂಬರಿ ಅಂದರೆ ನನಗೆ ಮೊದಲು ನೆನಪಾಗುವುದು ಡೆನಿಸ್ ಲೆಹೇನ್ 1998ರಲ್ಲಿ ಬರೆದ 'ಗಾನ್, ಬೇಬಿ, ಗಾನ್'. 2007ರಲ್ಲಿ ಸಿನಿಮಾ ಕೂಡ ಆಯಿತು. ಕೊನೆ ಹೇಳದೆ ಈ ವಿಷಯ ಮಾತಾಡಲು ಆಗುವುದಿಲ್ಲ. ಓದಬೇಕು ಅಂತಿರುವವರು ಮುಂದಿನ ಪ್ಯಾರಾ ಬಿಟ್ಟು ಅದರಾಚೆಯದ್ದಕ್ಕೆ ಹೋಗಿ.

ಬಾಸ್ಟನ್ನಿನ ಪ್ಯಾಟ್ರಿಕ್ ಕೆಂಜಿ ಮತ್ತು ಆಂಜಿ ಜೆನಾರೊ ಜೊತೆಯಾಗಿ ಕೆಲಸ ಮಾಡುವ ಖಾಸಗಿ ಪತ್ತೇದಾರರು. ನಾಲ್ಕು ವರ್ಷದ ಅಮಾಂಡಾ ಕಾಣೆಯಾಗಿದ್ದಾಳೆ. ತಾಯಿಗೆ ಕುಡಿತ, ಡ್ರಗ್ಸ್. ಮಗುವಿನ ಕಡೆ ಗಮನವೇ ಇಲ್ಲ. ಹುಡುಕಿಕೊಡಿ ಅಂತ ಬರುವವಳು ಮಗುವಿನ ಅತ್ತೆ. ಕೊನೆಗೆ ಕೆಂಜಿಗೆ ಮಗು ಸಿಗುತ್ತದೆ. ಒಬ್ಬ ಪೊಲೀಸ್ ಅಧಿಕಾರಿ ಅವಳನ್ನು ಕದ್ದು ತಂದು, ತಾನೂ ಹೆಂಡತಿಯೂ ಸೇರಿ ಸ್ವಂತ ಮಗಳ ಹಾಗೆ ಸಾಕುತ್ತಿದ್ದಾನೆ. ಮಗು ಚೆನ್ನಾಗಿದೆ. ಈಗೇನು ಮಾಡೋದು? ಆಂಜಿ ಬಿಟ್ಟುಬಿಡು ಅನ್ನುತ್ತಾಳೆ. ಕೆಂಜಿ ಪೊಲೀಸರಿಗೆ ತಿಳಿಸುತ್ತಾನೆ. ಮಗು ತಾಯಿಯ ಹತ್ತಿರ ವಾಪಸ್ ಹೋಗುತ್ತದೆ, ಆ ದಂಪತಿ ಜೈಲಿನ ದಾರಿ ಹಿಡಿಯುತ್ತಾರೆ, ಆಂಜಿ ಅವನನ್ನು ಬಿಟ್ಟು ಹೋಗುತ್ತಾಳೆ. ಕಾನೂನಿನ ಪ್ರಕಾರ ಕೆಂಜಿ ಮಾಡಿದ್ದು ಸರಿ. ಮಕ್ಕಳನ್ನು ಕದ್ದು ಒಳ್ಳೆಯ ಮನೆಗೆ ಹಂಚುವ ಅಧಿಕಾರ ಯಾರಿಗೂ ಇಲ್ಲ. ಇವತ್ತು ಒಬ್ಬ ಒಳ್ಳೆಯವನು ಮಾಡಿದರೆ ನಾಳೆ ಇನ್ನೊಬ್ಬ ಮಾಡುತ್ತಾನೆ. ಇದೆಲ್ಲ ಒಪ್ಪುತ್ತೇನೆ. ಆದರೂ ಕೊನೆಯ ಪುಟಗಳಲ್ಲಿ ಆ ತಾಯಿಯ ಮನೆಯನ್ನು ನೋಡುವಾಗ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಲೇಖಕರು ಕೆಂಜಿಯನ್ನು ಸುಮ್ಮನೆ ಬಿಡಲಿಲ್ಲ. 2010ರ ಇನ್ನೊಂದು ಕಾದಂಬರಿಯಲ್ಲಿ ಅಮಾಂಡಾಗೆ ಹದಿನಾರು ವರ್ಷ, ಮತ್ತೆ ಕಾಣೆಯಾಗುತ್ತಾಳೆ, ಮತ್ತೆ ಅದೇ ಅತ್ತೆ ಅವನನ್ನು ಹುಡುಕಿಕೊಂಡು ಬರುತ್ತಾಳೆ. ಇದು ನನಗೆ ತುಂಬಾ ಇಷ್ಟ. ಒಂದು ತೀರ್ಮಾನ ಪುಸ್ತಕ ಮುಚ್ಚಿದಾಗ ಮುಗಿಯುವುದಿಲ್ಲ ಅನ್ನುವುದಕ್ಕೆ ಅವರು ಇನ್ನೊಂದು ಪುಸ್ತಕವನ್ನೇ ಬರೆದರು.

ಇಂಥ ಇನ್ನೊಬ್ಬ ಪತ್ತೇದಾರ ಲಾರೆನ್ಸ್ ಬ್ಲಾಕ್ ಅವರ ಕಾದಂಬರಿಗಳ ಮ್ಯಾಥ್ಯೂ ಸ್ಕಡರ್. ಮೊದಲ ಪುಸ್ತಕ ಬಂದದ್ದು 1976ರಲ್ಲಿ. ಕುಡುಕ ಪತ್ತೇದಾರರ ಸಾಲಿಗೆ ಇವನನ್ನೂ ಸೇರಿಸಿಬಿಡುತ್ತಾರೆ, ಅದು ಅನ್ಯಾಯ. ಸ್ಕಡರ್ ನ್ಯೂಯಾರ್ಕಿನಲ್ಲಿ ಪೊಲೀಸ್ ಆಗಿದ್ದ. ದರೋಡೆ ಮಾಡಿ ಓಡುತ್ತಿದ್ದವರ ಮೇಲೆ ಹಾರಿಸಿದ ಗುಂಡು ಎಲ್ಲೋ ಬಡಿದು ಚಿಮ್ಮಿ ಒಂದು ಪುಟ್ಟ ಹುಡುಗಿಗೆ ತಗುಲುತ್ತದೆ. ಅವಳು ಸಾಯುತ್ತಾಳೆ. ಇಲಾಖೆ ಅವನ ಮೇಲೆ ತಪ್ಪು ಹೊರಿಸುವುದಿಲ್ಲ. ಅವನೇ ಕೆಲಸ ಬಿಡುತ್ತಾನೆ, ಮನೆಯನ್ನೂ ಬಿಡುತ್ತಾನೆ. ಆಮೇಲೆ ಪತ್ತೇದಾರಿ ಮಾಡುತ್ತಾನೆ, ಆದರೆ ಲೈಸೆನ್ಸ್ ಇಲ್ಲದೆ. ಪರಿಚಯದವರಿಗೆ ಸಹಾಯ ಮಾಡುತ್ತೇನೆ, ಅವರು ಏನೋ ಕೊಡುತ್ತಾರೆ ಅನ್ನುತ್ತಾನೆ. ಸಿಕ್ಕ ದುಡ್ಡಿನಲ್ಲಿ ಹತ್ತನೇ ಒಂದು ಭಾಗವನ್ನು ಎದುರಿಗೆ ಸಿಕ್ಕ ಚರ್ಚಿನ ಡಬ್ಬಿಗೆ ಹಾಕುತ್ತಾನೆ. ಅವನು ಭಕ್ತನಲ್ಲ. ಯಾಕೆ ಹಾಕುತ್ತೇನೆ ಅಂತ ಅವನಿಗೇ ಸರಿಯಾಗಿ ಹೇಳಲು ಬರುವುದಿಲ್ಲ. ಲಂಚದ ದುಡ್ಡಲ್ಲಿ ಒಂದು ಪಾಲು ಹುಂಡಿಗೆ ಹಾಕಿ ಹಗುರಾಗುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಸ್ಕಡರ್ ಹಗುರಾಗುವುದಿಲ್ಲ. ಡಬ್ಬಿಗೆ ಹಾಕುತ್ತಲೇ ಇರುತ್ತಾನೆ, ಲೆಕ್ಕ ತೀರುವುದಿಲ್ಲ. ಅವನ ಕುಡಿತಕ್ಕಿಂತ ಆ ಹತ್ತನೇ ಒಂದು ಭಾಗ ನನಗೆ ಅವನ ಬಗ್ಗೆ ಜಾಸ್ತಿ ಹೇಳುತ್ತದೆ.

ಲೈಸೆನ್ಸ್ ಮಾತು ಬಂತಲ್ಲ. ನಮ್ಮ ದೇಶದಲ್ಲಿ ಎಲ್ಲ ಖಾಸಗಿ ಪತ್ತೇದಾರರೂ ಸ್ಕಡರ್ ಥರದವರೇ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕೂರುವ ಕಾವಲುಗಾರನನ್ನು ಕಳಿಸುವ ಏಜೆನ್ಸಿಗೆ 2005ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಆ ಗೇಟಿನಾಚೆ ನಿಂತು ನಿಮ್ಮ ಫೋಟೊ ತೆಗೆಯುವವನಿಗೆ ಅಂಥ ಯಾವ ಲೈಸೆನ್ಸೂ ಬೇಡ. ಪತ್ತೇದಾರಿ ಏಜೆನ್ಸಿಗಳನ್ನು ಹತೋಟಿಗೆ ತರುವ ಮಸೂದೆಯೊಂದು 2007ರಲ್ಲಿ ರಾಜ್ಯಸಭೆಗೆ ಬಂತು, ಕಾನೂನಾಗಲೇ ಇಲ್ಲ. ಹಾಗಂತ ಎಲ್ಲವೂ ನಡೆಯುತ್ತದೆ ಅಂತಲ್ಲ. ಜನರ ಫೋನ್ ಕರೆಗಳ ದಾಖಲೆಯನ್ನು ಕದ್ದು ಮಾರಿದ ಪ್ರಕರಣದಲ್ಲಿ 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಕೆಲವು ಖಾಸಗಿ ಪತ್ತೇದಾರರನ್ನು ಬಂಧಿಸಿದ್ದರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಕೇಸಿಗೆ ಹೆಸರು ಬಂದದ್ದು ಬೆಂಗಳೂರಿನಲ್ಲೇ ಇದ್ದ ಕೆ.ಎಸ್. ಪುಟ್ಟಸ್ವಾಮಿಯವರಿಂದ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಇಳಿವಯಸ್ಸಿನಲ್ಲಿ ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದವರು. ಇತ್ತ, ಗಂಡ ಹೆಂಡತಿ ಗುಟ್ಟಾಗಿ ರೆಕಾರ್ಡ್ ಮಾಡಿದ ಮಾತನ್ನು ವಿಚ್ಛೇದನದ ಕೇಸಿನಲ್ಲಿ ಸಾಕ್ಷ್ಯವಾಗಿ ತಗೊಳ್ಳಬಹುದು ಅಂತ 2025ರ ಜುಲೈನಲ್ಲಿ ಅದೇ ಸುಪ್ರೀಂ ಕೋರ್ಟ್ ಹೇಳಿದೆ. ಆ ಪೀಠದಲ್ಲಿ ಇದ್ದವರು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಒಬ್ಬರ ಮೇಲೊಬ್ಬರು ಕಣ್ಣಿಡುವ ಮಟ್ಟಕ್ಕೆ ಬಂದಿದ್ದರೆ ಆ ಸಂಬಂಧ ಆಗಲೇ ಮುರಿದಿದೆ ಅನ್ನುವ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ಒಂದು ಕಡೆ ಈ ಹಕ್ಕು, ಇನ್ನೊಂದು ಕಡೆ ಈ ಸಾಕ್ಷ್ಯ. ನಮ್ಮ ಪತ್ತೇದಾರ ಓಡಾಡುವ ಜಾಗ ಇವೆರಡರ ನಡುವಿನದ್ದು. ಅಲ್ಲಿ ಅವನಿಗೆ ದಾರಿ ಹೇಳುವ ನಿಯಮದ ಪುಸ್ತಕ ಇಲ್ಲ. ಅವನ ಮನಸ್ಸಿಗೆ ತೋಚಿದ್ದೇ ನಿಯಮ. ಕಾದಂಬರಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ನೆಲ ಎಲ್ಲಿ ಸಿಗಬೇಕು?

ಸಿದ್ದಯ್ಯ ರಸ್ತೆಯ ಕಾಫಿ

ನನ್ನ ಗೆಳತಿ ಒಬ್ಬಳು ವಕೀಲೆ. ಫ್ಯಾಮಿಲಿ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತಾಳೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಕಾರಿಡಾರಿನಲ್ಲಿ ಅವಳಿಗಾಗಿ ಕಾಯುವುದು ನನಗೆ ಅಭ್ಯಾಸವಾಗಿದೆ. ಬೆಂಚಿನ ಈ ತುದಿಯಲ್ಲಿ ಗಂಡನ ಕಡೆಯವರು, ಆ ತುದಿಯಲ್ಲಿ ಹೆಂಡತಿ ಕಡೆಯವರು, ಮಧ್ಯೆ ಒಂದು ಮಗು ಇಬ್ಬರ ಹತ್ತಿರವೂ ಓಡಾಡಿಕೊಂಡು ಇರುತ್ತದೆ. ನನ್ನ ಈ ಕ್ರೈಂ ಕಾದಂಬರಿಯ ಹುಚ್ಚು ಗೊತ್ತಿದ್ದ ಅವಳು ಒಂದು ದಿನ, "ಇವರ ಹತ್ತಿರ ಮಾತಾಡು" ಅಂತ ಒಬ್ಬರನ್ನು ಪರಿಚಯ ಮಾಡಿಸಿದಳು. ಡಿಟೆಕ್ಟಿವ್ ಏಜೆನ್ಸಿಯಲ್ಲಿ ಫೀಲ್ಡ್ ಕೆಲಸ ಮಾಡಿ, ಆಮೇಲೆ ಸ್ವಂತವಾಗಿ ಮಾಡಿ, ಈಗ ಬಿಟ್ಟಿರುವವರು. ಫೋಟೊ, ವಿಡಿಯೊ ಕೋರ್ಟಿಗೆ ಕೊಡುವಾಗ ಬೇಕಾಗುವ ಸರ್ಟಿಫಿಕೇಟಿಗೆ ಸಹಿ ಹಾಕಲು ಇನ್ನೂ ಬರುತ್ತಿರುತ್ತಾರೆ. ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ ನಂಬರ್ ಹಿಡಿದು ಅದನ್ನು 65ಬಿ ಅಂತಲೇ ಎಲ್ಲರೂ ಕರೆಯುವುದು, ಹೊಸ ಕಾನೂನಿನಲ್ಲಿ ನಂಬರ್ ಬದಲಾದರೂ. ಐವತ್ತು ದಾಟಿದ, ತುಂಬುತೋಳಿನ ಶರಟಿನ, ಯಾರ ಕಣ್ಣಿಗೂ ಬೀಳದಂಥ ಮನುಷ್ಯ. ಹತ್ತಿರದ ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತೆವು. ಮಾತಾಡುವಾಗಲೂ ಅವರು ನನ್ನನ್ನು ನೋಡುತ್ತಿರಲಿಲ್ಲ, ಬಾಗಿಲು ನೋಡುತ್ತಿದ್ದರು. ಅಭ್ಯಾಸ ಹೋಗಿಲ್ಲ ಅಂತ ಕಾಣುತ್ತದೆ. ಅವರು ಹೇಳಿದ್ದನ್ನು ಗುರುತು ಸಿಗದ ಹಾಗೆ ಬದಲಿಸಿ ಬರೆಯುತ್ತಿದ್ದೇನೆ. ಅವರ ಷರತ್ತು ಅದೊಂದೇ.

ಹಾಸನದ ಕಡೆಯ ಒಬ್ಬ ತಂದೆ. ಮಗಳು ಬೇರೆ ಜಾತಿಯ ಹುಡುಗನ ಜೊತೆ ಬೆಂಗಳೂರಿಗೆ ಬಂದಿದ್ದಾಳೆ. ಪೊಲೀಸರ ಹತ್ತಿರ ಹೋದರೆ ಉಪಯೋಗವಿಲ್ಲ. ವಯಸ್ಸಿಗೆ ಬಂದ ಮಗಳು, ಸ್ವಂತ ಇಷ್ಟದಿಂದ ಬಂದಿದ್ದೇನೆ ಅಂತ ಹೇಳಿಕೆ ಕೊಟ್ಟರೆ ಅವರು ಫೈಲ್ ಮುಚ್ಚುತ್ತಾರೆ. ಅದಕ್ಕೆ ಇವರ ಹತ್ತಿರ ಬಂದರು. "ಹುಡುಗಿನ ಹುಡುಕಬಾರದು ಮೇಡಂ, ಹುಡುಗನ ಫ್ರೆಂಡ್ಸ್‌ನ ಹುಡುಕಬೇಕು. ಮನೆ ಮಾಡೋಕೆ ಅಡ್ವಾನ್ಸ್ ಯಾರೋ ಕೊಟ್ಟಿರ್ತಾರೆ, ಗ್ಯಾಸ್ ಸಿಲಿಂಡರ್ ಯಾರೋ ಕೊಟ್ಟಿರ್ತಾರೆ." ಪೀಣ್ಯದಲ್ಲಿ ಕೆಲಸ ಮಾಡುವ ಒಬ್ಬ ಗೆಳೆಯನ ಬೈಕಿನ ಹಿಂದೆ ಹೋಗಿ, ಲಗ್ಗೆರೆಯ ಒಂದು ಮನೆ ಸಿಕ್ಕಿತು. ಎದುರು ಮನೆಯ ಟೆರೇಸಿನಿಂದ ನೋಡಿದರು. ಹುಡುಗಿ ಬಟ್ಟೆ ಒಣಹಾಕುತ್ತಿದ್ದಳು, ಕತ್ತಿನಲ್ಲಿ ಹೊಸ ಅರಿಶಿನದ ದಾರ, ಬಾಯಲ್ಲಿ ಬಟ್ಟೆಯ ಕ್ಲಿಪ್ ಕಚ್ಚಿಕೊಂಡೇ ಒಳಗಿದ್ದವನಿಗೆ ಏನೋ ಉತ್ತರ ಕೊಡುತ್ತಿದ್ದಳು. ಫೋಟೊ ತೆಗೆದರು.

ವಿಳಾಸ ಕೊಡಬೇಕಿದ್ದ ದಿನ ತಂದೆ ಕಾರಿನಲ್ಲಿ ಬಂದರು. ಜೊತೆಗೆ ಹುಡುಗಿಯ ಚಿಕ್ಕಪ್ಪಂದಿರು ಇಬ್ಬರು. ತಂದೆ ಅಳುತ್ತಿದ್ದರು. ಚಿಕ್ಕಪ್ಪಂದಿರು ಮಾತಾಡಲಿಲ್ಲ. ಅವರಲ್ಲೊಬ್ಬ ಕೇಳಿದ್ದು ಒಂದೇ ಪ್ರಶ್ನೆ. "ಮನೆ ಒಂಟಿಯಾಗಿದೆಯಾ, ವಠಾರವಾ?"

"ಅದು ಕೇಳಿದ ಮೇಲೆ ಬಾಯಿಗೆ ಬಂದಿದ್ದೇ, ಸಿಗಲಿಲ್ಲ ಸಾರ್, ಬಾಂಬೆ ಕಡೆ ಹೋಗಿರೋ ಹಾಗಿದೆ ಅಂತ." ಫೋಟೊ ಅವರ ಬ್ಯಾಗಿನಲ್ಲೇ ಇತ್ತು.

ಅಡ್ವಾನ್ಸ್ ವಾಪಸ್ ಕೊಟ್ಟಿರಾ ಅಂತ ಕೇಳಿದೆ. ಇಲ್ಲ ಅಂದರು. "ಕೊಟ್ಟಿದ್ದರೆ ಅವರಿಗೆ ಅನುಮಾನ ಬರ್ತಿತ್ತು ಮೇಡಂ. ಯಾವ ಏಜೆನ್ಸಿಯವನು ದುಡ್ಡು ವಾಪಸ್ ಕೊಡ್ತಾನೆ?" ಸ್ವಲ್ಪ ಹೊತ್ತು ಬಿಟ್ಟು, "ಮನೆ ಬಾಡಿಗೆನೂ ಕಟ್ಟಬೇಕಿತ್ತು" ಅಂದರು. ಎರಡೂ ನಿಜವಾಗಿರಬೇಕು. ಒಳ್ಳೆಯ ಕೆಲಸ ಮಾಡಿದೆ ಅಂತ ಅವರು ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಲು ಆಗದ ಕಾರಣವೂ ಇತ್ತು. ಆ ತಂದೆ ಆಮೇಲೆ ಎಷ್ಟೋ ಕಾಲ ಫೋನ್ ಮಾಡುತ್ತಿದ್ದರಂತೆ. ಏನಾದರೂ ಗೊತ್ತಾಯ್ತಾ ಸಾರ್, ಬರೀ ಚೆನ್ನಾಗಿದ್ದಾಳೆ ಅಂತ ಗೊತ್ತಾದರೆ ಸಾಕು ಅಂತ. ಚಿಕ್ಕಪ್ಪಂದಿರು ಒಂದು ಸಲವೂ ಮಾಡಲಿಲ್ಲ. ಇವರು ಪ್ರತಿ ಸಲ ಇಲ್ಲ ಅಂದರು. ಒಂದು ದಿನ ಫೋನ್ ನಿಂತಿತು. ತಂದೆ ತೀರಿಕೊಂಡರೋ, ಆಸೆ ಬಿಟ್ಟರೋ, ಮಗಳೇ ಮನೆಗೆ ಹೋದಳೋ, ಇವರಿಗೆ ಗೊತ್ತಿಲ್ಲ. "ಅವರು ಒಬ್ಬರೇ ಬಂದಿದ್ದರೆ ಕೊಟ್ಟುಬಿಡ್ತಿದ್ನೇನೋ" ಅಂದರು. ಆಮೇಲೆ, "ಕೊಟ್ಟಿದ್ದರೆ ಅವರು ತಮ್ಮಂದಿರಿಗೆ ಹೇಳ್ತಿದ್ದರು" ಅಂದರು.

ಕೆಂಜಿ ನಿಯಮಕ್ಕೆ ಅಂಟಿಕೊಂಡ. ಈ ಮನುಷ್ಯ ತನ್ನ ಕಸುಬಿನ ಮೊದಲ ನಿಯಮವನ್ನೇ ಮುರಿದರು. ದುಡ್ಡು ಕೊಟ್ಟವರ ಮುಖಕ್ಕೆ ಸುಳ್ಳು ಹೇಳಿದರು. ಇಬ್ಬರಿಗೂ ನೆಮ್ಮದಿ ಸಿಗಲಿಲ್ಲ. ಒಂದು ವ್ಯತ್ಯಾಸ ಮಾತ್ರ ನನಗೆ ದೊಡ್ಡದಾಗಿ ಕಾಣುತ್ತದೆ. ಕೆಂಜಿಗೆ ತನ್ನ ತೀರ್ಮಾನದಿಂದ ಏನಾಯಿತು ಅಂತ ಗೊತ್ತಾಯಿತು. ಇವರಿಗೆ ಗೊತ್ತಾಗಲೇ ಇಲ್ಲ. ಒಂದು ಕೊಲೆ ತಪ್ಪಿಸಿದರೋ, ಒಬ್ಬ ತಂದೆಯಿಂದ ಮಗಳನ್ನು ಸುಮ್ಮನೆ ದೂರ ಮಾಡಿದರೋ? ಬರಿಯ ಒಂದು ಪ್ರಶ್ನೆಯ ಮೇಲೆ, ಆ ಪ್ರಶ್ನೆ ಕೇಳಿದವನ ದನಿಯ ಮೇಲೆ ತೀರ್ಮಾನ ತಗೊಂಡರು. ಜಾತಿ ಬಿಟ್ಟು ಮದುವೆಯಾದವರನ್ನು ಮನೆಯವರೇ ಕೊಂದ ಸುದ್ದಿ ನಮ್ಮ ರಾಜ್ಯದ ಪೇಪರಿನಲ್ಲೂ ಓದುತ್ತೇವೆ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಮೂರನೆಯವರು ತಲೆಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದರೆ ಲಗ್ಗೆರೆಯ ಆ ಮನೆಯ ವಿಳಾಸ ಆ ಹೊತ್ತಿಗೆ ಇದ್ದದ್ದು ಒಬ್ಬ ಬಾಡಿಗೆ ಮನುಷ್ಯನ ಬ್ಯಾಗಿನಲ್ಲಿ. ನನ್ನನ್ನು ಕೇಳಿದರೆ ಅವರು ಮಾಡಿದ್ದೇ ಸರಿ. ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಸುಳ್ಳು ಹೇಳಲಿ ಅಂತಲೇ ಬಯಸುತ್ತೇನೆ. ಆದರೂ ಆ ತಂದೆಯ ಫೋನುಗಳನ್ನು ನೆನೆದರೆ ನನ್ನ ಮಾತು ನನಗೇ ಪೂರ್ತಿ ಗಟ್ಟಿ ಅನಿಸುವುದಿಲ್ಲ.

ನಮಗೆ ಬೇಕಾದ ಕಾದಂಬರಿ

ಬೆಂಗಳೂರಿನಲ್ಲಿ ನಡೆಯುವ ಕ್ರೈಂ ಕಥೆಗಳು ಈಗ ಬೇಕಾದಷ್ಟು ಬರುತ್ತಿವೆ. ಪಬ್ಬು, ರಿಯಲ್ ಎಸ್ಟೇಟ್, ಕೆರೆ ನುಂಗಿದವರು, ಟೆಕ್ ಪಾರ್ಕಿನಲ್ಲಿ ಹೆಣ. ಇವೆಲ್ಲ ಇರಲಿ. ಆದರೆ ಖಾಸಗಿ ಪತ್ತೇದಾರನನ್ನು ನಾಯಕನನ್ನಾಗಿ ಮಾಡುವವರು ಅವನನ್ನು ಹೆಣದ ಹತ್ತಿರ ಕರೆದುಕೊಂಡು ಹೋಗಬೇಕಾಗಿಲ್ಲ. ಅಲ್ಲಿ ಅವನಿಗೆ ಕೆಲಸವಿಲ್ಲ. ಅವನ ಜಾಗ ಹುಡುಗಿಯರ ಪಿಜಿಯ ಎದುರಿನ ಟೀ ಅಂಗಡಿ, ಅಪಾರ್ಟ್‌ಮೆಂಟಿನ ವಿಸಿಟರ್ ಪುಸ್ತಕ, ಕೆಲಸದವಳ ಹತ್ತಿರ ಕೇಳುವ ಎರಡು ಮಾತು. ಅವನು ಕದಿಯುವುದು ಸಣ್ಣ ಸಣ್ಣ ವಿಷಯ. ಅದರಿಂದ ಮುರಿಯುವುದು ಮಾತ್ರ ದೊಡ್ಡದು. ಅವನಿಗೆ ಭಯಂಕರವಾದ ಹಿಂದಿನ ಕಥೆ ಕಟ್ಟುವುದೂ ಬೇಡ. ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಚೆನ್ನಾಗಿಯೇ ಇರಲಿ. ಸಂಜೆ ಮನೆಗೆ ಬಂದು ಮಗಳ ಹೋಂವರ್ಕ್ ನೋಡಲಿ. ಬೆಳಗ್ಗೆ ಎದ್ದು ಇನ್ನೊಬ್ಬರ ಮಗಳ ಹಿಂದೆ ಹೋಗಲಿ. ಅಷ್ಟು ಸಾಕು ಅವನನ್ನು ಇಕ್ಕಟ್ಟಿಗೆ ಸಿಕ್ಕಿಸಲು. ಕಥೆಯನ್ನು ಅವನೇ ಹೇಳಬೇಕು ಅಂತಲೂ ನನಗೆ ಆಸೆ. ಹೊರಗಿನಿಂದ ನೋಡಿದರೆ ಅವನು ಬರೀ ಗುಟ್ಟು ಮಾರುವವನಾಗಿ ಕಾಣುತ್ತಾನೆ. ಒಳಗಿನಿಂದ ಹೇಳಿದಾಗ, ಯಾವುದನ್ನು ಬರೆದ, ಯಾವುದನ್ನು ಬಿಟ್ಟ, ಬಿಟ್ಟಿದ್ದಕ್ಕೆ ಏನು ಕಾರಣ ಕೊಟ್ಟುಕೊಂಡ ಅನ್ನುವುದೆಲ್ಲ ನಮಗೆ ಸಿಗುತ್ತದೆ. ಅವನು ನಮಗೂ ಏನೋ ಬಚ್ಚಿಡುತ್ತಿದ್ದಾನೆ ಅಂತ ಅನುಮಾನ ಬರಲಿ.

ಶುರು ಎಲ್ಲಿಂದ ಮಾಡಬೇಕು ಅಂತಲೂ ಯೋಚಿಸಿದ್ದೇನೆ. ರಾಜಾಜಿನಗರದಲ್ಲಿ ಜಾತಕ ಕೂಡಲಿಲ್ಲ ಅಂತ ಕೇಳಿಸಿಕೊಂಡ ಹುಡುಗಿಗೆ ಹೇಗೋ ನಿಜ ಗೊತ್ತಾಗಲಿ. ಅವಳು ಆ ಏಜೆನ್ಸಿಯ ಮೆಟ್ಟಿಲು ಹತ್ತಿ ಬರಲಿ. ಗಲಾಟೆ ಮಾಡಲು ಬಂದವಳಲ್ಲ. ನನ್ನ ಬಗ್ಗೆ ಬರೆದದ್ದನ್ನು ನನಗೆ ತೋರಿಸಿ, ಬೇಕಾದರೆ ಫೀಸ್ ಕೊಡುತ್ತೇನೆ ಅಂತ ಕೇಳಲಿ. ಕಾಪಿ ಅವನ ಬೀರುವಿನಲ್ಲಿದೆ. ಕೊಟ್ಟರೆ ಕ್ಲೈಂಟಿನ ಗುಟ್ಟು ಕಾಯುವ ನಿಯಮ ಮುರಿಯುತ್ತದೆ, ಅವನು ಇಟ್ಟುಕೊಂಡಿರುವುದು ಅದೊಂದೇ ನಿಯಮ. ಕೊಡದಿದ್ದರೆ, ಇಡೀ ಬೆಂಗಳೂರಿನಲ್ಲಿ ಆ ರಿಪೋರ್ಟ್ ಓದುವ ಹಕ್ಕು ಎಲ್ಲರಿಗಿಂತ ಮೊದಲು ಇರುವವಳನ್ನು ಬರಿಗೈಯಲ್ಲಿ ಕಳಿಸಬೇಕು. ಅವಳು ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. ಪಾನಿಪುರಿಯ ಫೋಟೊ ತೆಗೆದ ಹುಡುಗ ಪಕ್ಕದ ರೂಮಿನಲ್ಲೇ ಇದ್ದಾನೆ, ಅವಳ ಗುರುತು ಹಿಡಿದಿದ್ದಾನೆ. ಮೊದಲ ಅಧ್ಯಾಯ ಇದು. ಇದನ್ನು ಯಾರಾದರೂ ಬರೆಯುವುದಾದರೆ ನನ್ನಿಂದ ಯಾವ ಅಡ್ಡಿಯೂ ಇಲ್ಲ. ಗ್ಯಾಸ್ ಸಿಲಿಂಡರಿನಿಂದ ವಿಳಾಸ ಹುಡುಕುವ ಬಗೆಯನ್ನೂ, ಆ ದರ್ಶಿನಿಯಲ್ಲಿ ಕೇಳಿದ ಇನ್ನಷ್ಟು ವಿಷಯವನ್ನೂ ಸಂತೋಷದಿಂದ ಹೇಳಿಕೊಡುತ್ತೇನೆ.